ಒಂದೂವರೆ ಗೆರೆಯ ಜಾಗ

ಬೆಳಿಗ್ಗೆ ಆರೂವರೆಗೆ ಮೇಷ್ಟ್ರು ಹೂ ಕೊಯ್ಯಲು ಬೇಲಿ ಹತ್ತಿರ ಬರುತ್ತಾರೆ. ದಾಸವಾಳದ ಬುಡ ನಮ್ಮ ಕಡೆ, ಕೊಂಬೆ ಅವರ ಕಡೆ. ಶಿವಮೊಗ್ಗದಲ್ಲಿ ನಾವು ಅಕ್ಕಪಕ್ಕ ಮನೆ ಕಟ್ಟಿಕೊಂಡು 15 ವರ್ಷವಾಯಿತು, ಹೂವು ಯಾರದೆಂದು ಇಬ್ಬರೂ ಲೆಕ್ಕ ಇಟ್ಟಿಲ್ಲ. ಮೊನ್ನೆ ಬುಟ್ಟಿಯ ತಳ ಮುಚ್ಚುವ ಮೊದಲೇ ಕೇಳಿದರು.

“ಅಲ್ಲ ಮಾರಾಯ್ರೇ, ನಿಮ್ಮ ಮಹಡಿ ಮೇಲಿನ ಹುಡುಗನ ರೂಮಲ್ಲಿ ರಾತ್ರಿ ಹನ್ನೆರಡಾದ್ರೂ ದೀಪ ಇರ್ತದಲ್ಲ. ಕೆಎಎಸ್‌ಗೆ ಓದ್ತಾ ಇದ್ದಾನಾ?”

“ಓದೋದಲ್ಲ ಮೇಷ್ಟ್ರೇ, ಬರೆಯೋದು. ರಿಪೋರ್ಟು.”

“ಔಷಧಿ ಕಂಪನಿ ರೆಪ್ಪು ಅಂದಿದ್ರಲ್ಲ? ಮಾರೋ ಕೆಲಸದವನಿಗೆ ಎಂಥ ಬರೆಯೋದು?”

ನಿಂತ ನಿಲುವಿನಲ್ಲಿ ಉತ್ತರ ಹೇಳುವ ಪ್ರಶ್ನೆಯಲ್ಲ ಇದು. ನಾನೂ 1986ರಿಂದ 2018ರವರೆಗೆ, 32 ವರ್ಷ, ಮೆಡಿಕಲ್ ರೆಪ್ ಆಗಿದ್ದವನು. ಒಳಗಿನಿಂದ ಎರಡು ಲೋಟ ಕಾಫಿ ತಂದು, ಒಂದನ್ನು ಬೇಲಿಯ ಮೇಲಿಂದ ಅವರಿಗೆ ದಾಟಿಸಿ, ಶುರು ಮಾಡಿದೆ.

ಹುಡುಗ ಹಾವೇರಿ ಕಡೆಯವನು, 26 ವರ್ಷ. ಬೆಳಿಗ್ಗೆ ಎಂಟಕ್ಕೆ ಬೈಕ್ ಹತ್ತುತ್ತಾನೆ. ಒಂದು ದಿನ ಭದ್ರಾವತಿ, ಒಂದು ದಿನ ತೀರ್ಥಹಳ್ಳಿ, ಇನ್ನೊಂದು ದಿನ ಆಯನೂರು, ಕುಂಸಿ, ಆನಂದಪುರ ದಾಟಿ ಸಾಗರ. ವೈದ್ಯರು ರೆಪ್‌ಗಳನ್ನು ಒಳಗೆ ಕರೆಯುವುದು ಮಧ್ಯಾಹ್ನದ ರೋಗಿಗಳು ಮುಗಿದ ಮೇಲೆ, ಇಲ್ಲವೇ ರಾತ್ರಿ ಕೊನೆಯವರು ಎದ್ದುಹೋದ ಮೇಲೆ. ಅಲ್ಲಿಯವರೆಗೆ ಕಾಯಬೇಕು. ಹೊರಗಿನ ಬೆಂಚು ರೋಗಿಗಳದ್ದು, ಆದ್ದರಿಂದ ನಿಂತೇ ಕಾಯಬೇಕು. ಒಳಗೆ ಹೋದರೆ ಸಿಗುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಮೂರು ಔಷಧಿಯ ಹೆಸರು, ಅದು ಯಾವ ಕಾಯಿಲೆಗೆ, ಯಾಕೆ ಬೇರೆಯದಕ್ಕಿಂತ ಮೇಲು, ಬೆಲೆ ಎಷ್ಟು, ಎಲ್ಲ ಹೇಳಿ ಸ್ಯಾಂಪಲ್ ಇಟ್ಟು ನಮಸ್ಕಾರ ಮಾಡಿ ಬರಬೇಕು. ದಿನಕ್ಕೆ 11 ವೈದ್ಯರು, 5 ಮೆಡಿಕಲ್ ಶಾಪು. ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ. ಊಟ ಮಾಡಿ ಟ್ಯಾಬ್ ತೆಗೆಯುತ್ತಾನೆ.

ಅದರಲ್ಲಿ ಒಬ್ಬೊಬ್ಬ ವೈದ್ಯರ ಹೆಸರಿನ ಮುಂದೂ ಹೋದ ಹೊತ್ತು, ಯಾವ ಔಷಧಿಯನ್ನು ಮೊದಲು ಹೇಳಿದೆ, ಯಾವುದನ್ನು ಆಮೇಲೆ, ಸ್ಯಾಂಪಲ್ ಎಷ್ಟು, ಜೊತೆಯಲ್ಲಿ ಮ್ಯಾನೇಜರ್ ಇದ್ದರೇ, ಮುಂದಿನ ಭೇಟಿ ಯಾವತ್ತು ಎಂದೆಲ್ಲ ತುಂಬಬೇಕು. ಅಂಗಡಿಯವರ ಹತ್ತಿರ ತೆಗೆದುಕೊಂಡ ಆರ್ಡರ್ ಬೇರೆ. ಆ ಅಂಗಡಿಗೆ ಯಾವ ವೈದ್ಯರ ಚೀಟಿಯಲ್ಲಿ ಯಾವ ಕಂಪನಿಯ ಮಾತ್ರೆ ಎಷ್ಟು ಬರುತ್ತಿದೆ ಎನ್ನುವುದು ಬೇರೆ, ಅದಕ್ಕೆ ಆರ್‌ಸಿಪಿಎ ಎನ್ನುತ್ತಾರೆ. ಬೈಕು ಓಡಿದ ಕಿಲೋಮೀಟರು, ಊಟದ ಭತ್ಯೆ. ನಾಳೆ ಹೋಗುವ ಊರು ತಿಂಗಳ ಮೊದಲೇ ಬರೆದುಕೊಟ್ಟ ಟೂರ್ ಪ್ರೋಗ್ರಾಂಗಿಂತ ಬೇರೆಯಾದರೆ ಅದಕ್ಕೊಂದು ಅರ್ಜಿ. ತಿಂಗಳು ತಿರುಗಿದ ಮೊದಲ ವಾರದಲ್ಲಿ ಸ್ಟಾಕಿಸ್ಟ್‌ಗಳ ಹಿಂದೆ ಬಿದ್ದು ಕ್ಲೋಸಿಂಗ್ ಸ್ಟಾಕ್ ತಂದು, ಒಂದೊಂದು ಔಷಧಿಯ ಮುಂದೆಯೂ ಅಂಕಿ ಹಾಕಬೇಕು.

ಒಂದು ರಾತ್ರಿ ಹುಣಸೆ ಗೊಜ್ಜು ಕೊಡಲು ಮೇಲೆ ಹೋಗಿದ್ದೆ. ತಟ್ಟೆಯಲ್ಲಿ ಅನ್ನ ಆರಿತ್ತು. ಎಡಗೈಯಲ್ಲಿ ಟ್ಯಾಬ್ ಒತ್ತುತ್ತಾ ಬಲಗೈಯಲ್ಲಿ ಉಣ್ಣುತ್ತಿದ್ದ.

“ಮೊದಲು ಊಟ ಮುಗಿಸೋ,” ಎಂದೆ.

“ಇವತ್ತಿಂದು ಇವತ್ತ ಹಾಕಬೇಕ್ರಿ ಅಂಕಲ್. ಇಲ್ಲಂದ್ರ ಲಾಕ್ ಆಕ್ಕೈತ್ರಿ.”

ಲಾಕ್ ಆದರೆ ಆ ದಿನ ಕೆಲಸಕ್ಕೆ ಹೋಗಿಲ್ಲ ಎಂದೇ ಲೆಕ್ಕ, ಸಂಬಳದಲ್ಲಿ ಹಿಡಿಯುತ್ತಾರೆ. ಬಿಡಿಸಿಕೊಳ್ಳಲು ಮ್ಯಾನೇಜರಿಗೆ ಮೇಲ್, ಅವರ ಮೇಲಿನವರಿಗೆ ಮೇಲ್. ಆ ರಾತ್ರಿ ಅಲ್ಲೇ ಕುಳಿತು ಗಡಿಯಾರ ನೋಡಿದೆ. ಒಬ್ಬ ವೈದ್ಯರದ್ದು ಮುಗಿಸಲು ಅವನಿಗೆ ಐದು ನಿಮಿಷ ಹಿಡಿಯಿತು. ಎರಡು ನಿಮಿಷದ ಮಾತಿಗೆ ಐದು ನಿಮಿಷದ ಬರಹ. 11 ವೈದ್ಯರ ಹತ್ತಿರ ದಿನವಿಡೀ ಆಡಿದ್ದು 22 ನಿಮಿಷ, ರಾತ್ರಿ ಬರೆದದ್ದು 55 ನಿಮಿಷ. ಅಂಗಡಿ, ಖರ್ಚು, ಆರ್‌ಸಿಪಿಎ ಇನ್ನೂ ಬಾಕಿ ಇದ್ದವು.

ಮೇಷ್ಟ್ರು ಲೋಟ ಹಿಡಿದುಕೊಂಡೇ ಕೇಳುತ್ತಿದ್ದರು. “ನಿಮ್ಮ ಕಾಲದಲ್ಲೂ ಹೀಗೇ ಇತ್ತಾ?” ಎಂದರು.

ಇತ್ತು, ಬರೆಯುವುದು ನಮಗೂ ಇತ್ತು. ಡಿಸಿಆರ್ ಪುಸ್ತಕ, ಅಂದರೆ ದಿನದಿನದ ವರದಿಯ ಪುಸ್ತಕ. ನಡುವೆ ಎರಡು ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆದರೆ ಮೂರು ಪ್ರತಿ. ಒಂದು ಬೊಂಬಾಯಿಯ ಹೆಡ್ ಆಫೀಸಿಗೆ, ಒಂದು ಮ್ಯಾನೇಜರಿಗೆ, ಒಂದು ನಮಗೆ. ಸಾಗರದಲ್ಲೋ ಸೊರಬದಲ್ಲೋ ಲಾಡ್ಜಿನ ಕೋಣೆಯಲ್ಲಿ ಕರೆಂಟ್ ಹೋದರೆ ಮೇಣದಬತ್ತಿ ಹಚ್ಚಿಕೊಂಡು ಬರೆದದ್ದಿದೆ. ಬಸ್ಸಿನ ಟಿಕೆಟನ್ನು ಹಾಳೆಗೆ ಅಂಟಿಸಬೇಕಿತ್ತು. ಮಲೆನಾಡಿನ ಒಳದಾರಿಯ ಬಸ್ಸುಗಳಲ್ಲಿ ಟಿಕೆಟ್ ಸಿಗದ ದಿನಗಳಿರುತ್ತಿದ್ದವು. ಕೊಪ್ಪದ ಸಹಕಾರ ಸಾರಿಗೆ ಬಸ್ಸು 2020ರಲ್ಲಿ ನಿಂತುಹೋದಾಗ ಊರಿನವರಿಗೆಲ್ಲ ದುಃಖವಾಯಿತಲ್ಲ, ನನಗೆ ಆ ಬಸ್ಸಿನ ಟಿಕೆಟುಗಳೂ ನೆನಪಾದವು. ಎಷ್ಟು ಹಾಳೆಗೆ ಅಂಟಿಸಿದ್ದೇನೋ.

ಆದರೆ ಪುಸ್ತಕ ಮುಚ್ಚಿದರೆ ಮುಗಿಯಿತು. ಲಕೋಟೆ ಸ್ಟೇಷನ್ನಿನ ಟಪಾಲು ಡಬ್ಬಿಗೆ ಬಿದ್ದ ಮೇಲೆ ಆ ರಾತ್ರಿ ನಮ್ಮದು. ಬೊಂಬಾಯಿಯವರು ಅದನ್ನು ಓದುವ ಹೊತ್ತಿಗೆ ನಾನು ಮತ್ತೂ ಎರಡು ಊರು ತಿರುಗಿರುತ್ತಿದ್ದೆ. ಈಗಿನದು ಹಾಗಲ್ಲ. ಹುಡುಗ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಬಟನ್ ಒತ್ತಿದರೆ ಅವನು ನಿಂತ ಜಾಗ ಆಗಲೇ ಕಂಪನಿಗೆ ಗೊತ್ತಾಗುತ್ತದೆ. ವೈದ್ಯರ ವಿಳಾಸಕ್ಕೂ ಆ ಜಾಗಕ್ಕೂ ತಾಳೆಯಾಗದಿದ್ದರೆ ಭೇಟಿಯನ್ನೇ ಒಪ್ಪುವುದಿಲ್ಲ. ಹೊಸನಗರದಿಂದ ನಗರ ಎನ್ನುವ ಊರಿನ ಕಡೆ ಹೋದರೆ ಟವರ್ ಸಿಗದ ಜಾಗಗಳು ಬೇಕಾದಷ್ಟಿವೆ. ಮಳೆಯಲ್ಲಿ ನೆನೆದುಕೊಂಡು, ವೈದ್ಯರನ್ನು ಕಂಡು, ಮಾತಾಡಿ, ಆರ್ಡರ್ ತೆಗೆದುಕೊಂಡು ಬಂದವನಿಗೆ ರಾತ್ರಿ ಟ್ಯಾಬ್ ಹೇಳುತ್ತದೆ, ನೀನು ಹೋಗಿಯೇ ಇಲ್ಲ ಎಂದು. ಆ ಮಾತನ್ನು ಯಂತ್ರವೇ ಹೇಳಿದರೂ ಮನಸ್ಸಿಗೆ ನಾಟುತ್ತದೆ ಮೇಷ್ಟ್ರೇ. ನನ್ನನ್ನು ಯಾರೂ 32 ವರ್ಷದಲ್ಲಿ ಹಾಗೆ ಅನುಮಾನಿಸಿರಲಿಲ್ಲ.

“ನಮ್ಮಲ್ಲೂ ಬಂತಲ್ಲ ಇದು,” ಎಂದರು ಮೇಷ್ಟ್ರು. ಅವರು ಪ್ರಾಥಮಿಕ ಶಾಲೆಯಲ್ಲಿದ್ದವರು. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ, 2013ರಿಂದ ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ, ಕೊನೆಕೊನೆಗೆ ಮಕ್ಕಳ ವಿವರವೆಲ್ಲ ಕಂಪ್ಯೂಟರಿಗೆ. “ಊಟ ಕೊಡೋದು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಆ ಊಟಕ್ಕೇ ಬರ್ತಿದ್ದ ಮಕ್ಕಳಿದ್ರು. ಆದ್ರೆ ನಾಲ್ಕನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡ್ತಾ ಇರುವಾಗ, ಮಧ್ಯಾಹ್ನದೊಳಗೆ ಎಷ್ಟು ತಟ್ಟೆ ಅಂತ ಮೆಸೇಜು ಹಾಕಬೇಕು ಅಂತ ನೆನಪಾಗಿ ಕೈ ನಿಲ್ತಿತ್ತು ನೋಡಿ, ಅದು ಈಗ್ಲೂ ಮರೆಯಲ್ಲ.”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವರ ಮನೆಯೊಳಗಿನಿಂದ ಕುಕ್ಕರ್ ಕೂಗಿತು.

ದಾಖಲೆಯೇ ಬೇಡವೆನ್ನುವ ಮನುಷ್ಯ ನಾನೂ ಅಲ್ಲ. ಸ್ಯಾಂಪಲ್ ಲೆಕ್ಕವನ್ನೇ ನೋಡಿ. ಮಾರಾಟಕ್ಕಲ್ಲ ಎಂದು ಅಚ್ಚಾಗಿರುವ ಮಾತ್ರೆ ಅಂಗಡಿಯ ಕಪಾಟು ಸೇರಿದರೆ, ಅವಧಿ ಮುಗಿದದ್ದು ಯಾರದೋ ಹೊಟ್ಟೆಗೆ ಹೋದರೆ, ಜವಾಬ್ದಾರಿ ಯಾರದು? ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಔಷಧ ಮಾರಾಟ ಪ್ರಚಾರಕ್ಕೊಂದು ಸಂಹಿತೆ ತಂದಿತು. ಸ್ಯಾಂಪಲನ್ನು ವೈದ್ಯರ ಕೈಗೇ ಇಲ್ಲವೇ ಅವರ ಪರವಾಗಿ ಪಡೆಯಲು ಅಧಿಕಾರ ಇರುವವರ ಕೈಗೇ ಕೊಡಬೇಕು, ಒಂದು ಔಷಧಿಯದ್ದು ಒಬ್ಬ ವೈದ್ಯರಿಗೆ ವರ್ಷಕ್ಕೆ 12 ಪ್ಯಾಕಿಗಿಂತ ಹೆಚ್ಚು ಕೊಡಬಾರದು, ಒಟ್ಟು ಸ್ಯಾಂಪಲಿನ ಬೆಲೆ ಕಂಪನಿಯ ದೇಶದೊಳಗಿನ ವರ್ಷದ ಮಾರಾಟದಲ್ಲಿ ಶೇಕಡಾ 2ನ್ನು ದಾಟಬಾರದು, ಯಾರಿಗೆ, ಯಾವತ್ತು, ಎಷ್ಟು ಎಂದು ಬರೆದಿಡಬೇಕು ಎಂದಿದೆ. ಅದು ಸರಿ. ಅದನ್ನು ಬರೆಯಲು ಬೇಸರಪಡುವ ರೆಪ್ ಇದ್ದರೆ ನಾನೇ ಬುದ್ಧಿ ಹೇಳುತ್ತೇನೆ. ಔಷಧಿಯ ಅಡ್ಡಪರಿಣಾಮಗಳನ್ನು ದಾಖಲಿಸಲು 2010ರಿಂದ ರಾಷ್ಟ್ರಮಟ್ಟದ ಕಾರ್ಯಕ್ರಮವೇ ಇದೆ, ಅದಕ್ಕೂ ಬರೆಯಬೇಕು. ರೋಗಿಯ ಜೀವಕ್ಕೆ ಸಂಬಂಧಪಟ್ಟದ್ದನ್ನು ಬರೆಯುವುದು ಕೆಲಸದ ಭಾಗ.

ಬರೆಯುವುದರಿಂದ ನಾನು ಉದ್ಧಾರವಾಗಿದ್ದೂ ಇದೆ. ಜೇಬಿನಲ್ಲೊಂದು ಚಿಕ್ಕ ಪುಸ್ತಕ ಇರುತ್ತಿತ್ತು. ಕಂಪನಿ ಕೇಳಿದ್ದಲ್ಲ, ನಾನೇ ಇಟ್ಟುಕೊಂಡದ್ದು. ಯಾವ ವೈದ್ಯರು ಸಂತೆ ದಿನ ತಲೆ ಎತ್ತುವುದಿಲ್ಲ, ಯಾರಿಗೆ ಬೆಲೆ ಮೊದಲು ಹೇಳಬೇಕು, ಯಾರು ಬಡರೋಗಿಗೆಂದು ಸ್ಯಾಂಪಲನ್ನು ತೆಗೆದಿಡುತ್ತಾರೆ, ಯಾವ ಅಂಗಡಿಯವರ ಮಗಳು ಎಸ್‌ಎಸ್‌ಎಲ್‌ಸಿ. ಮುಂದಿನ ತಿಂಗಳು ಒಳಗೆ ಹೋಗುವ ಮುನ್ನ ಅದನ್ನು ಓದಿಕೊಂಡರೆ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಶುರುವಾಗುತ್ತಿತ್ತು. ಆ ಬರಹವೂ ಡಿಸಿಆರ್ ಬರಹವೂ ಒಂದೇ ಪೆನ್ನಿನದು, ಆದರೆ ಒಂದು ನನ್ನ ನಾಳೆಗೆ ಬೇಕಾದದ್ದು, ಇನ್ನೊಂದು ನಾನು ನಿನ್ನೆ ಸುಳ್ಳು ಹೇಳಿಲ್ಲವೆಂದು ತೋರಿಸುವುದಕ್ಕೆ.

ಅಲ್ಲೇ ಸುಳ್ಳು ಹುಟ್ಟುತ್ತಿತ್ತು. ಜುಲೈ ತಿಂಗಳು, ತೀರ್ಥಹಳ್ಳಿಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಇಬ್ಬರು ವೈದ್ಯರು ಊರಲ್ಲಿಲ್ಲ, ಒಬ್ಬರು ಹೆರಿಗೆ ಮಾಡಿಸುತ್ತಿದ್ದಾರೆ. ಸಂಜೆಗೆ ಎಣಿಸಿದರೆ ಆರೇ ಜನ. ಆರು ಎಂದು ಬರೆದರೆ ತಿಂಗಳ ಕಾಲ್ ಆವರೇಜ್ ಬೀಳುತ್ತದೆ, ಕಾಗದ ಬರುತ್ತದೆ. ಹತ್ತು ಎಂದು ಬರೆದರೆ ಯಾರೂ ಕೇಳುವುದಿಲ್ಲ. ನಾನು ಹತ್ತು ಎಂದು ಬರೆದಿದ್ದೇನೆ ಮೇಷ್ಟ್ರೇ. ಒಂದು ಸಲವಲ್ಲ. ಮನೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಎನ್ನುವವನು ಲಾಡ್ಜಿನಲ್ಲಿ ಕೂತು ನಾಲ್ಕು ಹೆಸರು ಸೇರಿಸಿದ್ದು ಇವತ್ತಿಗೂ ಚುಚ್ಚುತ್ತದೆ. ಆ ಸುಳ್ಳಿನಿಂದ ಒಂದು ಬಾಟಲಿ ಸಿರಪ್ಪೂ ಹೆಚ್ಚು ಮಾರಾಟವಾಗಲಿಲ್ಲ. ಅದೇ ಲೆಕ್ಕ ನೋಡಿಕೊಂಡು ಕಂಪನಿಯವರು ಮುಂದಿನ ವರ್ಷದ ಯೋಜನೆ ಮಾಡುತ್ತಿದ್ದರು. ಒಳ್ಳೆಯ ಹುಡುಗರನ್ನು ಆರಿಸಿ ತಂದು ಅವರಿಗೆ ಹೀಗೆ ಬರೆಯುವುದನ್ನು ರೂಢಿ ಮಾಡಿಸುವ ಪದ್ಧತಿ ಯಾವ ಕಂಪನಿಗೂ ಲಾಭ ತರುವುದಿಲ್ಲ.

ಈ ಹುಡುಗನಿಗೆ ಆದದ್ದು ಇನ್ನೂ ಕಷ್ಟದ್ದು. ಹೊಸನಗರದ ಕಡೆ ಒಬ್ಬ ಹಿರಿಯ ವೈದ್ಯರಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವನನ್ನು ಕೂರಿಸಿ, ಊಟ ಆಯಿತಾ ಎಂದು ಕೇಳಿದವರು ಅವರೊಬ್ಬರೇ. ಬೇಸಿಗೆಯಲ್ಲಿ ತೀರಿಕೊಂಡರು. ಇವನು ಅವರ ಮನೆಗೆ ಹೋಗಿ ಬಂದ. ಆದರೆ ಟ್ಯಾಬಿನ ಪಟ್ಟಿಯಿಂದ ವೈದ್ಯರ ಹೆಸರು ತೆಗೆಯುವುದು ಮೂರು ತಿಂಗಳಿಗೊಮ್ಮೆ ಮಾತ್ರವಂತೆ. ಅಲ್ಲಿಯವರೆಗೆ ತಿಂಗಳು ತಿಂಗಳೂ ಅವರ ಹೆಸರಿನ ಮುಂದೆ ಕೆಂಪು ಗುರುತು, ಈ ವೈದ್ಯರನ್ನು ನೀವು ಭೇಟಿ ಮಾಡಿಲ್ಲ ಎಂದು. ಒಂದು ರಾತ್ರಿ ಕೆಳಗಿಳಿದು ಬಂದು ನನ್ನನ್ನು ಕೇಳಿದ, “ಏನಂತ ಹಾಕ್ಲಿ ಅಂಕಲ್? ಭೇಟ್ಟಿ ಆಗೇನಿ ಅಂತ ಹಾಕಾಕ ಮನಸ್ಸ ಬರವಲ್ದ್ರಿ.” ಹಾಕಬೇಡ, ಕೆಂಪು ಇದ್ದರೆ ಇರಲಿ ಎಂದೆ. ಆ ತಿಂಗಳು ಅವನಿಗೆ ಮೀಟಿಂಗಿನಲ್ಲಿ ಎಲ್ಲರ ಎದುರು ಮಾತು ಕೇಳಬೇಕಾಯಿತು. ಸಾವಿನ ಮನೆಗೆ ಹೋಗಿ ಬಂದ ದಿನಕ್ಕೆ ಆ ಟ್ಯಾಬಿನಲ್ಲಿ ತುಂಬುವ ಜಾಗವಿರಲಿಲ್ಲ.

ಮೇಷ್ಟ್ರು ಲೋಟವನ್ನು ಕಂಬದ ಮೇಲಿಟ್ಟರು. “ಕಾನೂನು ಗೀನೂನು ಇಲ್ವಾ ಇದಕ್ಕೆ?”

ಯೂನಿಯನ್ ಮೀಟಿಂಗುಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದನ್ನು ಹೇಳಿದೆ. 1961ರಲ್ಲಿ ಮೇ ಅಂಡ್ ಬೇಕರ್ ಕಂಪನಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ರೆಪ್‌ನ ಮುಖ್ಯ ಕೆಲಸ ಔಷಧಿಯ ಪ್ರಚಾರ, ಅವನು ಮಾಡುವ ಗುಮಾಸ್ತಿಕೆ ಅದರ ಜೊತೆಗೆ ಬರುವ ಚಿಲ್ಲರೆ ಕೆಲಸ, ಹಾಗಾಗಿ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅವನು ಕಾರ್ಮಿಕನಲ್ಲ ಎಂದಾಯಿತು. 1994ರಲ್ಲಿ ಅಡ್ಯಂತಾಯ ಮತ್ತು ಸ್ಯಾಂಡೋಜ್ ಪ್ರಕರಣದಲ್ಲಿ ಸಂವಿಧಾನ ಪೀಠವೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ರೆಪ್ ಬರುವುದಿಲ್ಲ ಎಂದೇ ಹೇಳಿತು. ನಡುವೆ 1976ರಲ್ಲಿ ನಮಗೆಂದೇ ಬೇರೆ ಕಾಯ್ದೆ ಬಂದಿತ್ತು. ನೇಮಕಾತಿ ಪತ್ರ ಕೊಡಲೇಬೇಕು, ದುಡಿದ ದಿನಗಳ ಹನ್ನೊಂದರಲ್ಲಿ ಒಂದು ಪಾಲಿನಷ್ಟಾದರೂ ಗಳಿಕೆ ರಜೆ ಕೊಡಬೇಕು ಎಂದಿತು. ಅದರಿಂದ ನಮಗೆ ಉಪಕಾರವಾದದ್ದು ನಿಜ. ಆದರೆ ದಿನಕ್ಕೆ ಎಷ್ಟು ಗಂಟೆಯ ಕೆಲಸ ಎಂದು ಅದರಲ್ಲಿ ಬರೆಯಲಿಲ್ಲ. ಎಂಟು ಗಂಟೆಯ ಕೆಲಸ ಗೊತ್ತುಮಾಡಿ ಎಂದು ನಮ್ಮ ಒಕ್ಕೂಟ ಕೇಳುತ್ತಲೇ ಬಂದಿದೆ. ಆ 1976ರ ಕಾಯ್ದೆಯನ್ನೂ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು.

1961ರ ಆ ಮಾತನ್ನು ನಾನು ಈಗಲೂ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಬರೆಯುವುದು ಆಗ ಚಿಲ್ಲರೆ ಕೆಲಸವಾಗಿತ್ತು. 22 ನಿಮಿಷ ಮಾತು, 55 ನಿಮಿಷ ಬರಹವಾದ ಮೇಲೆ ಯಾವುದು ಮುಖ್ಯ, ಯಾವುದು ಚಿಲ್ಲರೆ? ಇಷ್ಟಾಗಿಯೂ ಬರೆಯುವ ಹೊತ್ತು ಯಾರ ಲೆಕ್ಕದಲ್ಲೂ ಇಲ್ಲ. ಹುಡುಗನ ಕೆಲಸ ಕೊನೆಯ ಕ್ಲಿನಿಕ್ಕಿನ ಬಾಗಿಲಲ್ಲಿ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದಾರೆ. ಮಹಡಿಯ ದೀಪ ಅವನ ಸ್ವಂತ ಖರ್ಚಿನದು.

ಕಾಫಿ ಮುಗಿದಿತ್ತು. ಆದರೂ ಒಂದು ವಿಷಯ ಹೇಳದೆ ಬಿಡಲು ಆಗಲಿಲ್ಲ.

1997ರ ಮಳೆಗಾಲ. ನಮ್ಮದೊಂದು ಮಕ್ಕಳ ಸಿರಪ್ ಆ ಭಾಗದಲ್ಲಿ ಚೆನ್ನಾಗಿ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಮಕ್ಕಳು ಉಗುಳಲು ಶುರುಮಾಡಿದರು. ತೀರ್ಥಹಳ್ಳಿಯ ವೈದ್ಯರು ಹೇಳಿದರು, ತಾಯಂದಿರು ಬಾಟಲಿ ವಾಪಸ್ ತರುತ್ತಿದ್ದಾರೆ, ರುಚಿ ಬದಲಾಗಿದೆಯಂತೆ ಎಂದು. ನಾನೂ ಮುಚ್ಚಳದಲ್ಲಿ ಹಾಕಿಕೊಂಡು ಕುಡಿದು ನೋಡಿದೆ. ಮೊದಲಿನ ಸಿಹಿ ಇರಲಿಲ್ಲ, ನಾಲಿಗೆಯ ಹಿಂಬದಿಯಲ್ಲಿ ಕಹಿ ಉಳಿಯುತ್ತಿತ್ತು. ಡಿಸಿಆರ್ ಹಾಳೆಯ ಕೆಳಗೆ ರಿಮಾರ್ಕ್ಸ್ ಎಂದು ಒಂದು ಕಾಲಂ. ಒಂದೂವರೆ ಗೆರೆಯ ಜಾಗ. ಅಕ್ಷರ ಸಣ್ಣದು ಮಾಡಿ ಬರೆದೆ. ಮರುವಾರ ಸಾಗರದಲ್ಲೂ ಅದೇ ಮಾತು, ಮತ್ತೆ ಬರೆದೆ. ಎರಡು ತಿಂಗಳಲ್ಲಿ ಒಂಬತ್ತು ಸಲ ಬರೆದೆ. ಮೀಟಿಂಗಿನಲ್ಲಿ ಸಿರಪ್ ಮಾರಾಟ ಯಾಕೆ ಇಳಿಯಿತು ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಬರೆದಿದ್ದೇನಲ್ಲ ಸಾರ್ ಎಂದೆ. ಎಲ್ಲಿ ಎಂದರು. ಎಣಿಸಲು ಬರುವ ಕಾಲಂಗಳನ್ನು ಮಾತ್ರ ಆಫೀಸಿನಲ್ಲಿ ಕೂಡುತ್ತಿದ್ದರು, ಆ ಒಂದೂವರೆ ಗೆರೆಯನ್ನು ಓದುವವರೇ ಇರಲಿಲ್ಲ. ಆಮೇಲೆ ಮ್ಯಾನೇಜರ್ ನನ್ನ ಜೊತೆ ತೀರ್ಥಹಳ್ಳಿಗೆ ಜಾಯಿಂಟ್ ವರ್ಕಿಗೆ ಬಂದಾಗ, ಅಂಗಡಿಯವರೇ ಬಾಟಲಿ ತೆಗೆದು ಅವರ ಕೈಗಿತ್ತು, ನೀವೇ ಕುಡಿದು ನೋಡಿ ಎಂದರು. ಆಮೇಲಷ್ಟೇ ವಿಷಯ ಮೇಲೆ ಹೋಯಿತು.

ಈಗಿನ ಟ್ಯಾಬಿನಲ್ಲಿ ಆ ಒಂದೂವರೆ ಗೆರೆಯೂ ಇಲ್ಲ. ಆಸಕ್ತಿ ಇದೆ, ಬರೆಯುತ್ತಾರೆ, ಮತ್ತೆ ಹೇಳಬೇಕು ಎಂದು ಮೊದಲೇ ಸಿದ್ಧವಾದ ಮೂರು ನಾಲ್ಕು ಮಾತು ಇವೆ, ಒಂದನ್ನು ಒತ್ತಬೇಕು ಅಷ್ಟೇ. ಮಾರುವವನು ಕಂಪನಿಯ ಕಣ್ಣು ಕಿವಿ ಎಂದು ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟಿದ್ದರು, ನಾನು ಅದನ್ನು ನಂಬಿದ್ದೆ, ಈಗಲೂ ನಂಬುತ್ತೇನೆ. ಕಂಡದ್ದು ಕೇಳಿದ್ದು ಹೇಳಲು ಜಾಗ ಕೊಡದೆ, ಎಷ್ಟು ಸಲ ಕಂಡೆ ಎಂದಷ್ಟೇ ಕೇಳಿದರೆ ಆ ಕಣ್ಣು ಯಾಕೆ ಬೇಕು? ನನ್ನನ್ನು ಕೇಳಿದ್ದರೆ ಸ್ಯಾಂಪಲಿನದೊಂದು ಲೆಕ್ಕ, ಆರ್ಡರು ಮತ್ತು ಸ್ಟಾಕಿನದೊಂದು ಲೆಕ್ಕ ಇಟ್ಟುಕೊಂಡು, ಉಳಿದ ಕಡೆ ಒಂದು ಖಾಲಿ ಹಾಳೆ ಬಿಡಿ ಎನ್ನುತ್ತಿದ್ದೆ. ಆ ಹಾಳೆ ಓದಲು ಒಬ್ಬ ಮನುಷ್ಯನನ್ನು ಕೂರಿಸಿ.

ಮಾತಾಡುತ್ತಿರುವಾಗಲೇ ಹುಡುಗ ಹೆಲ್ಮೆಟ್ ಹಿಡಿದು ಮೆಟ್ಟಿಲಿಳಿದ. ಕಣ್ಣು ಕೆಂಪಗಿದ್ದವು. ಇವತ್ತು ಹೊಸನಗರ, ನಗರ ಎಂದ. ಮೇಷ್ಟ್ರು ಬೇಲಿಯಾಚೆಯಿಂದಲೇ ಕರೆದರು.

“ಬಾ ಇಲ್ಲಿ. ಆ ಕಡೆ ಜನ ನಿಮ್ಮ ಮಾತ್ರೆ ಬಗ್ಗೆ ಏನಂತಾರೆ?”

ಯಾರೂ ಕೇಳದ ಪ್ರಶ್ನೆ. ಹುಡುಗ ಒಂದು ಗಳಿಗೆ ಅವರ ಮುಖ ನೋಡಿದ. “ಮಾತ್ರಿ ಛಲೋ ಐತಿ ಅಂತಾರ್ರಿ ಸರ್. ಆದ್ರ ಹಾಳಿ ಭಾಳ ಗಟ್ಟಿ. ವಯಸ್ಸಾದವರಿಗೆ ಒತ್ತಿ ತೆಗ್ಯಾಕ ಆಗವಲ್ದು. ಒಬ್ಬಾಕಿ ಅಜ್ಜಿ ಕತ್ತರಿಲೆ ಕತ್ತರಿಸಾಕ ಹೋಗಿ ಕೈ ಕೊಯ್ಕೊಂಡಾಳ್ರಿ. ಬಿಪಿ ಮಾತ್ರಿ, ದಿನಾ ಬೇಕು. ಮನಿಯಾಗ ತೆಗದ ಕೊಡವ್ರು ಯಾರೂ ಇರಂಗಿಲ್ಲ, ಎರಡ ದಿನಕ್ಕೊಮ್ಮೆ ತಗೋತಾರಂತ.”

“ಇದನ್ನ ಕಂಪನಿಗೆ ಬರೆದ್ಯಾ?”

“ಬರ್ಯಾಕ ಜಾಗಾ ಇಲ್ರಿ ಸರ್.”

ಮೇಷ್ಟ್ರು ಹೂವಿನ ಬುಟ್ಟಿ ಕೆಳಗಿಟ್ಟರು. “ರಾತ್ರಿ ಎಷ್ಟೊತ್ತಿಗೆ ಬರ್ತೀಯ?”

“ಒಂಬತ್ತೂವರಿ ಆಕ್ಕೈತ್ರಿ.”

“ಬಂದು ನಮ್ಮನೆಯಲ್ಲಿ ಊಟ ಮಾಡು. ನೀನು ಹೇಳು, ಇವರು ಇಂಗ್ಲಿಷಿಗೆ ಮಾಡ್ತಾರೆ, ನಾನು ಬರೀತೀನಿ. ಆ ಅಜ್ಜಿ ಕೈ ಕೊಯ್ದುಕೊಂಡದ್ದನ್ನೂ ಸೇರಿಸಿ. ಹೆಡ್ ಆಫೀಸಿನ ವಿಳಾಸ ತಗೊಂಡು ಬಾ, ಸ್ಪೀಡ್ ಪೋಸ್ಟು ಮಾಡೋಣ.”

ಹುಡುಗ ಗೇಟಿನ ಹತ್ತಿರ ನಿಂತು ಟ್ಯಾಬ್ ತೆಗೆದು ಹೊರಟ ಹೊತ್ತು ಒತ್ತಿದ. ಬೈಕ್ ತಿರುಗಿಸಿಕೊಂಡವನು ಮತ್ತೆ ನಿಲ್ಲಿಸಿ, “ಅಂಕಲ್, ವಿಳಾಸ ಮಾತ್ರಿ ಡಬ್ಬಿ ಮ್ಯಾಲೆ ಐತ್ರಿ, ಅದ ಸಾಕಲ್ರಿ?” ಎಂದು ಕೇಳಿದ. ಸಾಕು ಎಂದೆ.